ಉದಾಸೀನ ಆಗ್ತದೆ ಅಂದರೆ ಎಂತದು?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆದು ಕೊಡಿ ಅಂತ ಗ್ರಂಥಾಲಯದವರು ಕೇಳಿ ಆರು ವಾರ ಆಯಿತು. ಮಾತಿನ ವಿಷಯ ಯಾವುದು ಅಂತ ಗೊತ್ತಾದ ಮೇಲೆ ಈ ಆರು ವಾರದ ಬಗ್ಗೆ ನೀವು ನಗಬಹುದು, ನನ್ನದೇನೂ ತಕರಾರಿಲ್ಲ. ಆಡಿದ್ದನ್ನು ಹೆಚ್ಚುಕಡಿಮೆ ಹಾಗೇ ಇಟ್ಟಿದ್ದೇನೆ. ಉದ್ದ ಆದ ಕಡೆ ಕತ್ತರಿಸಿದ್ದೇನೆ, ಆಗ ಮರೆತ ಒಂದೆರಡು ಸಂಗತಿ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಆಮಂತ್ರಣದಲ್ಲಿ 'ಇಷ್ಟವಿಲ್ಲದ ಕೆಲಸಕ್ಕೆ ಪ್ರೇರಣೆ' ಅಂತ ಹಾಕಿದ್ದಾರೆ. ಪ್ರೇರಣೆ ಅಂದರೆ ನನಗೆ ಸ್ವಲ್ಪ ದೊಡ್ಡ ಮಾತಾಯಿತು. ನಮ್ಮ ಮನೆಯಲ್ಲಿ 'ನನಗೆ ಪ್ರೇರಣೆ ಸಾಲುವುದಿಲ್ಲ' ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ನಾವು ಹೇಳುವುದು 'ಉದಾಸೀನ ಆಗ್ತದೆ' ಅಂತ, ಅಂದರೆ ಕೆಲಸಕ್ಕೆ ಕೈ ಹಾಕಲು ಮನಸ್ಸೇ ಬರುವುದಿಲ್ಲ ಅಂತ. ಪಾತ್ರೆ ತೊಳೆಯಲು ಉದಾಸೀನ, ಕರೆಂಟು ಬಿಲ್ಲು ಕಟ್ಟಲು ಉದಾಸೀನ, ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಉದಾಸೀನ. ನಿಘಂಟು ತೆಗೆದು ನೋಡಿದರೆ ಉದಾಸೀನ ಅಂದರೆ ಅಲಕ್ಷ್ಯ, ಆಸ್ಥೆ ಇಲ್ಲದಿರುವುದು ಅಂತ ಇರುತ್ತದೆ. ಘಟ್ಟದ ಮೇಲಿನವರು ಹಾಗೇ ತಿಳಿಯುತ್ತಾರೆ. ನನ್ನ ನಾದಿನಿಯ ಗಂಡ ಮೈಸೂರಿನವರು. ಮದುವೆಯಾದ ಹೊಸದರಲ್ಲಿ ಅವಳು 'ಊಟಕ್ಕೆ ಏಳಲು ಉದಾಸೀನ ಆಗ್ತದೆ' ಅಂದಳಂತೆ. ಅವರು ಗಾಬರಿಯಾಗಿ, ಊಟದ ಮೇಲೆ ನಿನಗೆ ಎಂತ ಕೋಪ ಅಂತ ಕೇಳಿದರಂತೆ.

ನಾನು ಕಲಿಸುವುದು ಸಮಾಜ ವಿಜ್ಞಾನ, ಆದರೂ ಈ ಮಾತಿನ ವ್ಯಾಕರಣ ನನಗೆ ಬಹಳ ಇಷ್ಟ. 'ನಾನು ಸೋಮಾರಿ' ಅಂದರೆ ಆ ಸೋಮಾರಿ ನಾನೇ, ಮೈತುಂಬ ನಾನೇ. 'ನನಗೆ ಉದಾಸೀನ' ಅಂದರೆ ಹಾಗಲ್ಲ. ನನಗೆ ಜ್ವರ, ನನಗೆ ಶೀತ, ನನಗೆ ಹಸಿವೆ ಅನ್ನುವ ಸಾಲಿನಲ್ಲಿ ಅದು ಕೂರುತ್ತದೆ. ಬರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಹೋಗುತ್ತದೆ. ನಮ್ಮ ಹಿರಿಯರು ಮನಶ್ಶಾಸ್ತ್ರ ಓದಿ ಹೀಗೆ ಮಾತಾಡಿದ್ದಲ್ಲ. ಆದರೆ ಟಿಮೊತಿ ಪಿಚಿಲ್, ಫ್ಯೂಷಾ ಸಿರ್ವಾ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದದ್ದು ಹೆಚ್ಚುಕಡಿಮೆ ಇದನ್ನೇ. ಕೆಲಸ ಮುಂದೂಡುವವರಿಗೆ ಗಡಿಯಾರ ನೋಡಲು ಬರುವುದಿಲ್ಲ ಅಂತಲ್ಲ. ಕೆಲಸ ನೆನಪಾದ ಕೂಡಲೇ ಒಂದು ಕಿರಿಕಿರಿ, ಹೆದರಿಕೆ, ಬೇಜಾರು ಏಳುತ್ತದೆ. ಆ ಬೇಜಾರನ್ನು ಈಗಿಂದೀಗ ಇಳಿಸುವ ಸುಲಭದ ದಾರಿ ಅಂದರೆ ಕೆಲಸವನ್ನು ನಾಳೆಗೆ ತಳ್ಳುವುದು. ತಳ್ಳಿದ ಕೂಡಲೇ ಹಾಯೆನಿಸುತ್ತದೆ. ಆ ಹಾಯಿಯೇ ತೊಂದರೆ. ತಳ್ಳಿದ್ದಕ್ಕೆ ಬಹುಮಾನ ಸಿಕ್ಕ ಹಾಗೆ ಆಯಿತಲ್ಲ, ಮನಸ್ಸು ನಾಳೆಯೂ ಅದನ್ನೇ ಮಾಡುತ್ತದೆ.

ಬೆಂಗಳೂರು ಕಡೆ ಒಂದು ಕಾಲದಲ್ಲಿ ಮನೆ ಬಾಗಿಲಿಗೆ 'ನಾಳೆ ಬಾ' ಅಂತ ಬರೆಯುತ್ತಿದ್ದರು, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ವಾಪಸ್ಸು ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಅಷ್ಟು ಓದು ಬಲ್ಲ ದೆವ್ವಕ್ಕೆ ಅಷ್ಟು ಬುದ್ಧಿ ಇಲ್ಲದೆ ಹೋಯಿತಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು. ನಮ್ಮ ಕೆಲಸಗಳಿಗೂ ನಾವು ಬರೆಯುವುದು ಅದೇ. ಆದರೆ ದೆವ್ವ ತಿರುಗಿ ಹೋಗುತ್ತದೆ, ಜಾಗದ ಕಂದಾಯದ ತೀರ್ವೆ ರಶೀದಿ ಹೋಗುವುದಿಲ್ಲ. ಅದು ಚಾವಡಿಯಲ್ಲೇ ಕೂತಿರುತ್ತದೆ.

ಈಗ ನನ್ನ ಅಪ್ಪನ ವಿಷಯ. ಅಪ್ಪನಿಗೆ ಅಡಿಕೆಗೆ ಮದ್ದು ಬಿಡುವ, ಅಂದರೆ ಕೊಳೆರೋಗ ಬಾರದ ಹಾಗೆ ಮದ್ದು ಸಿಂಪಡಿಸುವ ಕೆಲಸ ಕಂಡರೆ ಆಗುತ್ತಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ 'ಹಿಂದಿನವರು ಕಾಯಕವನ್ನು ಪ್ರೀತಿಸುತ್ತಿದ್ದರು' ಅಂತ ಸಭೆಗಳಲ್ಲಿ ಸುಮ್ನೆ ಹೇಳುವವರು ಜಾಸ್ತಿ. ನಮ್ಮ ಅಪ್ಪ ಪ್ರೀತಿಸಲಿಲ್ಲ. ಹಿಂದಿನ ದಿನದಿಂದಲೇ ಗೊಣಗಲು ಶುರು. ಮೈಲುತುತ್ತಿನ ವಾಸನೆಗೆ ತಲೆನೋವು, ಸುಣ್ಣಕ್ಕೆ ಬೆರಳಿನ ಸಂದು ಒಡೆಯುವುದು, ಮಳೆ ಬರುತ್ತದೋ ಅಂತ ಹತ್ತು ಸಲ ಆಕಾಶ ನೋಡುವುದು, ಮರ ಹತ್ತುವವ ಬರುತ್ತಾನೋ ಇಲ್ಲವೋ ಅಂತ ಒಂದು ಚಿಂತೆ ಬೇರೆ.

ನಾನು ಆಗ ಆರನೇ ಕ್ಲಾಸು. ಮೈಲುತುತ್ತನ್ನು ಗೋಣಿ ತುಂಡಿನಲ್ಲಿ ಕಟ್ಟಿ ರಾತ್ರಿಯೇ ನೀರಿಗೆ ಇಳಿಬಿಡುತ್ತಿದ್ದರು, ಬೆಳಗ್ಗೆ ನೋಡಿದರೆ ನೀರು ಕಡುನೀಲಿ. ಇನ್ನೊಂದು ಕಡೆ ಸುಣ್ಣ ಕರಗಿಸಿ ಸೋಸಿ ಇಟ್ಟಿರುತ್ತಿದ್ದರು. ಲೆಕ್ಕ ಸುಲಭ, ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕೋಲಿನಿಂದ ತಿರುಗಿಸಬೇಕು. ಕಬ್ಬಿಣದ ಪಾತ್ರೆ ಆಗದು. ಹದ ಬಂತೋ ಇಲ್ಲವೋ ಅಂತ ನೋಡುವುದು ನನ್ನ ಕೆಲಸ. ಉಜ್ಜಿ ಹೊಳಪು ಬರಿಸಿದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ಹಿಡಿಯಬೇಕು. ಕತ್ತಿಯ ಮೇಲೆ ಕೆಂಪು ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಲೆಕ್ಕ. 'ಕೆಂಪುಂಟೋ?' ಅಂತ ಅಪ್ಪ ಕೇಳುವುದು, 'ಉಂಟು' ಅಂತ ನಾನು ಹೇಳುವುದು, ಅವರು ಇನ್ನೊಂದು ಚೆಂಬು ಸುಣ್ಣದ ನೀರು ಹೊಯ್ಯುವುದು. ಮೂರನೇ ಸಲಕ್ಕೆ ಕತ್ತಿ ಬೆಳ್ಳಗೆ ಬಂದಾಗ ನನಗೆ ಪರೀಕ್ಷೆ ಪಾಸಾದ ಹಾಗೆ.

ಆ ಮದ್ದಿಗೂ ಒಂದು ಕಥೆ ಉಂಟು, ಎರಡು ನಿಮಿಷ ಕೊಡಿ. ಅದರ ಹೆಸರು ಬೋರ್ಡೋ ದ್ರಾವಣ. ಬೋರ್ಡೋ ಅಂದರೆ ಫ್ರಾನ್ಸಿನ ಒಂದು ಊರು. ಅಲ್ಲಿನ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕದಿಯಬಾರದು ಅಂತ ರಸ್ತೆ ಬದಿಯ ಬಳ್ಳಿಗಳಿಗೆ ತುತ್ತು ಸುಣ್ಣ ಕಲಸಿ ಎರಚುತ್ತಿದ್ದರಂತೆ, ನೋಡಲು ಅಸಹ್ಯ ಆಗಲಿ ಅಂತ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಇದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದರು. ನಮ್ಮ ಕಡೆ ಅಡಿಕೆಯ ಕೊಳೆರೋಗಕ್ಕೆ ಅದನ್ನು ಬಳಸಬಹುದು ಅಂತ ತೋರಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್, ಅದು 1910ರ ಆಸುಪಾಸು. ಅಂದರೆ ನಮ್ಮ ಅಪ್ಪ ಬೈಯುತ್ತಿದ್ದ ಕೆಲಸಕ್ಕೆ ನೂರು ವರ್ಷ ದಾಟಿದ ಚರಿತ್ರೆ ಉಂಟು. ಇದನ್ನು ಹೇಳಿದಾಗ ಅವರು, ಹಾಗಾದರೆ ಆ ಪುಣ್ಯಾತ್ಮನೇ ಬಂದು ಬಿಡಲಿ ಅಂದಿದ್ದರು.

ಇಷ್ಟು ಬೈದರೂ ಅಪ್ಪ ಮದ್ದು ಬಿಡುವುದನ್ನು ತಪ್ಪಿಸಲಿಲ್ಲ. ಯಾಕೆ? ಛಲ, ಶಿಸ್ತು ಅಂತ ನೀವು ಹೇಳಬಹುದು. ಅಪ್ಪನ ಮೇಜಿನ ಖಾನೆಗಳನ್ನು ನೋಡಿದ ನಾನು ಶಿಸ್ತಿನ ವಾದವನ್ನು ಒಪ್ಪುವುದಿಲ್ಲ. ನನಗೆ ಕಾಣುವುದು ಬೇರೆ. ಆ ಕೆಲಸದ ಸುತ್ತ ಮೂರು ಸಂಗತಿ ಇದ್ದವು, ಮೂರೂ ಅಪ್ಪನ ಮನಸ್ಸಿನ ಹೊರಗೆ.

ಮೊದಲನೆಯದು ದಿನ. ಪತ್ತನಾಜೆ ಅಂದರೆ ನಿಮಗೆಲ್ಲ ಗೊತ್ತು, ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24, 25ರ ಹೊತ್ತಿಗೆ ಬೀಳುತ್ತದೆ. ಭೂತಗಳ ಕೋಲ ನೇಮ ನಿಲ್ಲುತ್ತದೆ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಆಟ ಮುಗಿಯಿತು, ಇನ್ನು ಗದ್ದೆ ತೋಟ ನೋಡಿ ಅಂತ ಊರಿಗೆ ಊರೇ ಹೇಳಿದ ಹಾಗೆ. ಆಮೇಲೆ ಮಳೆ. ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು, ಮತ್ತೆ 40, 45 ದಿನಕ್ಕೆ ಇನ್ನೊಂದು ಸಲ. ಅಪ್ಪನಿಗೆ 'ಮೂಡ್' ಬಂತೋ ಅಂತ ಜೂನ್ ತಿಂಗಳು ಕೇಳುವುದಿಲ್ಲ.

ಎರಡನೆಯದು ಜನ. ಮೇಲೆ ಒಬ್ಬ. ಅವ ಒಂದು ಮರದ ತುದಿಯಲ್ಲಿ ಕೂತು ಮರವನ್ನೇ ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ಕೆಳಗೆ ಪಂಪು ಒತ್ತಲು ಒಬ್ಬ, ಪೈಪು ಹಿಡಿಯಲು ಒಬ್ಬ, ಮದ್ದು ಕಲಸಲು ಅಪ್ಪ, ಕತ್ತಿ ಹಿಡಿಯಲು ನಾನು. ಮರ ಹತ್ತುವವ ಬೆಳಗ್ಗೆ ಏಳಕ್ಕೆ ಅಂಗಳದಲ್ಲಿ ಬಂದು ನಿಂತ ಮೇಲೆ, ಇವತ್ತು ಉದಾಸೀನ ಮಾರಾಯ, ನಾಳೆ ಬಾ ಅಂತ ಹೇಳಲು ಯಾವ ಮುಖ ಉಂಟು?

ಮೂರನೆಯದು ತಿಂಡಿ. ಹಲಸು ಹಣ್ಣಾಗುವ ಕಾಲ ಅದು. ಮದ್ದು ಬಿಡುವ ದಿನ ಅಮ್ಮ ಹಲಸಿನ ಹಣ್ಣಿನ ಗಟ್ಟಿ ಬೇಯಿಸುತ್ತಿದ್ದರು. ಹತ್ತು ಗಂಟೆಗೆ ಎಲ್ಲರೂ ನೀಲಿ ಕೈ ತೊಳೆದು, ತೊಳೆದರೂ ಪೂರ್ತಿ ಹೋಗದ ನೀಲಿ ಅದು, ಜಗಲಿಯಲ್ಲಿ ಕೂತು ಬಿಸಿ ಗಟ್ಟಿಗೆ ತುಪ್ಪ ಹಾಕಿ ತಿನ್ನುವುದು. ಅಪ್ಪನ ಗೊಣಗು ಅಲ್ಲಿಗೆ ನಿಲ್ಲುತ್ತಿತ್ತು. ಆ ಗಟ್ಟಿಯ ರುಚಿ ನನಗೆ ಈಗಲೂ ಸ್ವಲ್ಪ ಸುಣ್ಣದ ವಾಸನೆಯ ಜೊತೆಗೇ ನೆನಪಾಗುವುದು.

ದಿನ, ಜನ, ತಿಂಡಿ. ಇವತ್ತು ನಾನು ಹೇಳಲು ಬಂದದ್ದು ಇಷ್ಟೇ. ನಮ್ಮವರು ಬೇಡದ ಕೆಲಸವನ್ನು ಮನಸ್ಸಿನ ಬಲದಿಂದ ಮಾಡಲಿಲ್ಲ, ಮನಸ್ಸನ್ನು ಕೇಳದೆ ಇರುವ ಏರ್ಪಾಡಿನಿಂದ ಮಾಡಿದರು. ಆ ಏರ್ಪಾಡು ನಮ್ಮ ಕಾಲಕ್ಕೆ ಕಳಚಿ ಹೋಗಿದೆ. ಅದು ಹೋದದ್ದು ಗೊತ್ತಾಗದೆ ನಾವು, ನನಗೆ ಮನೋಬಲ ಇಲ್ಲ, ನಾನು ಸರಿಯಿಲ್ಲ ಅಂತ ನಮ್ಮನ್ನೇ ಬೈದುಕೊಳ್ಳುತ್ತಾ ಕೂತಿದ್ದೇವೆ.

ಹೇಗೆ ಕಳಚಿತು ಅಂತ ನೋಡಬೇಕಾದರೆ ಕಟ್ಟ ನೋಡಿ. ನಮ್ಮ ತೋಡುಗಳಿಗೆ ಮಳೆ ಮುಗಿದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ ಕಲ್ಲು ಮಣ್ಣು ಅಡಿಕೆ ಮರದ ಸಲಾಕೆ ಹಾಕಿ ಕಟ್ಟ ಕಟ್ಟುತ್ತಿದ್ದರಲ್ಲ. ಬೇಸಗೆಗೆ ತೋಟಕ್ಕೆ ನೀರು, ಬಾವಿಗಳಿಗೆ ಒರತೆ. ಜೂನ್ ಬಂತು ಅಂದರೆ ಅಷ್ಟನ್ನೂ ನೀರು ಕೊಚ್ಚಿಕೊಂಡು ಹೋಗುತ್ತದೆ. ಮರುವರ್ಷ ಪುನಃ ಕಟ್ಟಬೇಕು. ಇದಕ್ಕಿಂತ ಮನಸ್ಸು ಮುರಿಯುವ ಕೆಲಸ ಉಂಟಾ ಹೇಳಿ? ಸೊಂಟದವರೆಗೆ ತಣ್ಣನೆ ನೀರಿನಲ್ಲಿ ನಿಂತು ಕಟ್ಟಿದ್ದು ಆರು ತಿಂಗಳಿಗೆ ಇಲ್ಲ. ಆದರೂ ತಲೆಮಾರುಗಳಿಂದ ಕಟ್ಟಿದರು. ಮನೆಗೊಬ್ಬರಂತೆ ಬಂದರು, ಒಂದೆರಡು ದಿನದಲ್ಲಿ ಮುಗಿಸಿದರು. ಬೈಗುಳ, ತಮಾಷೆ, ಚಾ, ಅವಲಕ್ಕಿ ಎಲ್ಲ ಅದರೊಳಗೇ.

ಆಮೇಲೆ ಬೋರ್‌ವೆಲ್ ಬಂತು. ಸ್ವಿಚ್ಚು ಹಾಕಿದರೆ ನೀರು. ಯಾರೂ ಯಾರಿಗಾಗಿಯೂ ಕಾಯಬೇಕಾಗಿಲ್ಲ, ಕೆಸರಿಗೆ ಇಳಿಯಬೇಕಾಗಿಲ್ಲ. ಇದು ಒಳ್ಳೆಯದೇ ಅಲ್ವಾ, ಯಾರು ಬೇಡ ಅನ್ನುತ್ತಾರೆ. ಆದರೆ ಕಟ್ಟ ಕಟ್ಟುವ ಆ ಒಂದು ದಿನ ಊರಿನ ಕ್ಯಾಲೆಂಡರಿನಿಂದ ಅಳಿಸಿಹೋಯಿತು. ಎಷ್ಟೋ ತೋಡುಗಳಲ್ಲಿ ಕಟ್ಟವೂ ಹೋಯಿತು, ನೀರು ಪಾತಾಳಕ್ಕೆ ಇಳಿಯಿತು. ಈಗ ಯಾರೋ ಉತ್ಸಾಹಿಗಳು ಪುನಃ ಕಟ್ಟಲು ಹೊರಟರೆ ಮೊದಲ ತೊಂದರೆ ಕಲ್ಲು ಮಣ್ಣಿನದ್ದಲ್ಲ, ಎಲ್ಲರಿಗೂ ಆಗುವ ಒಂದು ದಿನದ್ದು.

ನಮ್ಮ ಈಗಿನ ಬೇಡದ ಕೆಲಸಗಳೆಲ್ಲ ಬೋರ್‌ವೆಲ್ ಜಾತಿಯವು. ಬಿಲ್ಲು ಕಟ್ಟುವುದು, ಅರ್ಜಿ ತುಂಬುವುದು, ಲೆಕ್ಕ ಬರೆಯುವುದು ಎಲ್ಲವನ್ನೂ ಯಾವಾಗ ಬೇಕಾದರೂ ಮಾಡಬಹುದು, ಒಬ್ಬರೇ ಮಾಡಬಹುದು, ಮೊಬೈಲಿನಲ್ಲೇ ಮಾಡಬಹುದು. ಯಾವಾಗ ಬೇಕಾದರೂ ಮಾಡಬಹುದಾದ ಕೆಲಸ ಈಗ ಯಾಕೆ ಮಾಡಬೇಕು?

ನನ್ನದೇ ಕಥೆ ಕೇಳಿ. ಅಪ್ಪ ತೀರಿಕೊಂಡ ಮೇಲೆ ಜಾಗ ನಮ್ಮ ಹೆಸರಿಗೆ ಆಗಬೇಕು. ಇಲ್ಲಿ ನಾವೆಲ್ಲ ಪೋಕುವರವು ಅನ್ನುವುದು. ತಮ್ಮ ಬೆಂಗಳೂರಿನಲ್ಲಿ, ತಂಗಿ ಪುಣೆಯಲ್ಲಿ, ಹಾಗಾಗಿ ಊರಲ್ಲಿರುವ ಅಕ್ಕ ಮಾಡುವುದು ಅಂತ ತೀರ್ಮಾನ. ಮಾಡುತ್ತೇನೆ ಅಂದೆ. ಫೈಲನ್ನು ಗೋದ್ರೆಜ್ ಕಪಾಟಿನಲ್ಲಿ ಇಟ್ಟೆ. ಮೂರು ವರ್ಷ ಅದು ಅಲ್ಲೇ ಇತ್ತು. ತಮ್ಮ ಫೋನು ಮಾಡಿದಾಗಲೆಲ್ಲ ಒಂದೊಂದು ಕಾರಣ. ಪರೀಕ್ಷೆ ಉಂಟು, ಓಣಂ ರಜೆ ಉಂಟು, ಅರ್ಜಿ ಮಲಯಾಳದಲ್ಲಿ ಉಂಟು. ಈ ಕೊನೆಯದು ನನಗೆ ಬಹಳ ಚಂದದ ಕಾರಣ. ಸುಳ್ಳೂ ಅಲ್ಲ. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗೆ ಕಾನೂನಿನಲ್ಲೇ ಉಂಟು, ಕೇರಳದ 1969ರ ಭಾಷಾ ಕಾಯ್ದೆಯಲ್ಲಿ ತಮಿಳು, ಕನ್ನಡದವರಿಗೆ ಅದನ್ನು ಬಿಟ್ಟಿದ್ದಾರೆ. ಆದರೆ ಒಂದು ಕಚೇರಿಯಲ್ಲಿ ನನಗೆ ಮಲಯಾಳದ ಫಾರಂ ಕೊಟ್ಟು, ಕನ್ನಡದ್ದು ಮುಗಿದಿದೆ ಅಂದರು. ನಾನು ಅದನ್ನೇ ಹಿಡಿದುಕೊಂಡೆ. ಗಡಿನಾಡ ಕನ್ನಡಿಗರ ಬವಣೆ ಅಂತ ಊರೆಲ್ಲ ಮಾತಾಡಿದೆ. ಬವಣೆ ನಿಜ. ಆದರೆ ಮೂರು ವರ್ಷ ಅದರಿಂದ ತಡವಾದದ್ದು ಅಂತ ಹೇಳಿದರೆ ನನ್ನ ನಾಲಗೆ ಒಪ್ಪುವುದಿಲ್ಲ.

ನಮ್ಮ ಶಾಲೆಯ ಮಲಯಾಳಂ ಟೀಚರ್ ನೆರೆಕರೆಯವರೇ. ಅವರದ್ದೂ ಒಂದು ರೇಷನ್ ಕಾರ್ಡಿನ ತಿದ್ದುಪಡಿ ಎರಡು ವರ್ಷದಿಂದ ಬಾಕಿ. ಇದು ನನಗೆ ಗೊತ್ತಾದದ್ದು ಸ್ಟಾಫ್ ರೂಮಿನಲ್ಲಿ, ಇಬ್ಬರೂ ಬೇರೆ ಯಾರನ್ನೋ ಸೋಮಾರಿ ಅಂತ ಬೈಯುತ್ತಿದ್ದಾಗ. 'ಟೀಚರೇ, ಒಂದು ಕೆಲಸ ಮಾಡುವ' ಅಂದರು ಅವರು, 'ಶನಿವಾರ ಒಂಬತ್ತೂವರೆ ಬಸ್ಸಿಗೆ ನೀವು ನಿಮ್ಮ ಫೈಲು ತನ್ನಿ, ನಾನು ನನ್ನ ಫೈಲು ತರುತ್ತೇನೆ. ಬಸ್ಸು ತಪ್ಪಿಸಿದವರು ಒಂದು ತಿಂಗಳು ಇನ್ನೊಬ್ಬರ ಮಧ್ಯಾಹ್ನದ ಊಟದ ಡ್ಯೂಟಿ ನೋಡಬೇಕು.' ಶಾಲೆಯ ಊಟದ ಡ್ಯೂಟಿ ಅಂದರೆ ಎಂತದು ಅಂತ ಇಲ್ಲಿರುವ ಮಾಸ್ತರರಿಗೆ ಗೊತ್ತು. ನಾನು ಒಂಬತ್ತು ಇಪ್ಪತ್ತಕ್ಕೇ ಬಸ್‌ಸ್ಟಾಪಿನಲ್ಲಿದ್ದೆ.

ಆ ಮೊದಲ ಶನಿವಾರ ಬರೀ ಬರೆಯುವ ಕೆಲಸ. ಅವರು ನನ್ನ ಫಾರಂ ಓದಿ ಹೇಳುವುದು, ನಾನು ತುಂಬುವುದು. ಹೆಸರು, ವಿಳಾಸ, ಸರ್ವೆ ನಂಬ್ರ ಸರಸರ ಹೋಯಿತು. ಒಂದು ಕಡೆ ನಿಂತೆ. 'ಮರಣ ಹೊಂದಿದ ದಿನಾಂಕ' ಅಂತ ಅವರು ಓದಿದರು. ದಿನಾಂಕ ನನಗೆ ಗೊತ್ತಿಲ್ಲವಾ? ಪೆನ್ನು ಮುಂದೆ ಹೋಗಲಿಲ್ಲ. ಮೂರು ವರ್ಷದಿಂದ ನಾನು ಓಡಿದ್ದು ಅರ್ಜಿಯಿಂದಲೂ ಅಲ್ಲ, ಮಲಯಾಳದಿಂದಲೂ ಅಲ್ಲ, ಈ ಒಂದು ಸಾಲಿನಿಂದ. ತೀರ್ವೆ ರಶೀದಿಯಲ್ಲಿ ಅಪ್ಪನ ಹೆಸರು ಬರುವಷ್ಟು ಕಾಲ ಅಪ್ಪ ಇದ್ದ ಹಾಗೆ ಅಂತ ನನ್ನೊಳಗೆ ಯಾರೋ ಲೆಕ್ಕ ಹಾಕಿ ಇಟ್ಟಿದ್ದರು. ಟೀಚರ್ ಏನೂ ಕೇಳಲಿಲ್ಲ. 'ಅದು ಆಮೇಲೆ ಬರೆಯಿರಿ, ಮುಂದಿನದ್ದು ಹೇಳುತ್ತೇನೆ' ಅಂದರು. ಕೊನೆಗೆ ಅದೊಂದೇ ಖಾಲಿ ಉಳಿಯಿತು. ಬರೆದೆ. ಆಮೇಲೆ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆವು. ಇನ್ನೂ ಮೂರು ಶನಿವಾರ ಹಿಡಿಯಿತು, ಒಂದು ಸಲ ಸಹಿ ಸರಿಯಿಲ್ಲ ಅಂತ ವಾಪಸ್ಸೂ ಬಂತು, ಆದರೆ ಆಯಿತು.

ಯಾವುದಾದರೂ ಕೆಲಸ ತಿಂಗಳುಗಟ್ಟಲೆ ಹಾಗೇ ಉಳಿದರೆ ಅದರೊಳಗೆ ಎಲ್ಲಿ ಮುಳ್ಳುಂಟು ಅಂತ ಒಮ್ಮೆ ನೋಡಿ. ಇಡೀ ಕೆಲಸ ಬೇಡವಾಗಿರುವುದು ಅಪರೂಪ. ಒಂದು ಫೋನು ಮಾಡುವುದು ಬೇಡ, ಒಬ್ಬರ ಮುಖ ನೋಡುವುದು ಬೇಡ, ಒಂದು ಅಂಕಿ ಕಣ್ಣಿಗೆ ಬೀಳುವುದು ಬೇಡ, ಅಷ್ಟೇ ಇರುತ್ತದೆ. ಅದು ಸಿಕ್ಕಿದರೆ ಉಳಿದದ್ದನ್ನು ಮೊದಲು ಮುಗಿಸಬಹುದು, ಮುಳ್ಳನ್ನು ಯಾರಾದರೂ ಪಕ್ಕದಲ್ಲಿದ್ದಾಗ ತೆಗೆಯಬಹುದು.

ದಿನ ಗೊತ್ತು ಮಾಡುವುದರ ಬಗ್ಗೆ ಜರ್ಮನಿಯಲ್ಲಿ ಒಂದು ಚಂದದ ಪ್ರಯೋಗ ಆಗಿದೆ. ಪೀಟರ್ ಗೋಲ್ವಿಟ್ಜರ್, ವೆರೋನಿಕಾ ಬ್ರಾಂಡ್‌ಸ್ಟೆಟರ್ ಎಂಬವರು 1997ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ, ನೀವು ಕ್ರಿಸ್‌ಮಸ್ ಹಿಂದಿನ ಸಂಜೆ ಹೇಗೆ ಕಳೆದಿರಿ ಅಂತ ಎರಡು ದಿನದೊಳಗೆ ಬರೆದು ಕಳಿಸಿ ಅಂದರು. ಹಬ್ಬದ ಗಡಿಬಿಡಿಯಲ್ಲಿ ಯಾರಿಗೆ ಬೇಕು ಅದು! ಅರ್ಧ ಜನರ ಹತ್ತಿರ ಮಾತ್ರ, ಯಾವಾಗ, ಎಲ್ಲಿ ಕೂತು ಬರೆಯುತ್ತೀರಿ ಅಂತ ಮೊದಲೇ ಬರೆಸಿಕೊಂಡರು. ಹಾಗೆ ಬರೆದುಕೊಟ್ಟವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಜನ ಕಳಿಸಿದರು, ಉಳಿದವರಲ್ಲಿ ಮೂರರಲ್ಲಿ ಒಂದು ಪಾಲು. ಎರಡೂ ಕಡೆ ಕೆಲಸ ಒಂದೇ. ಒಂದು ಕಡೆ ಪತ್ತನಾಜೆ ಇತ್ತು, ಇನ್ನೊಂದು ಕಡೆ ಇರಲಿಲ್ಲ.

ಹಾಗಾಗಿ ನಾನು ಈಗ 'ಈ ವಾರ ಪೇಪರ್ ತಿದ್ದಬೇಕು' ಅಂತ ಹೇಳುವುದಿಲ್ಲ. ಓಣಂ ಪರೀಕ್ಷೆ ಮುಗಿದರೆ ನನ್ನ ಪಾಲಿಗೆ ಮೂರು ಡಿವಿಷನ್ನಿನ ನೂರಕ್ಕೂ ಜಾಸ್ತಿ ಉತ್ತರ ಪತ್ರಿಕೆ. ನನಗೆ ಅದರಷ್ಟು ಬೇಡದ ಕೆಲಸ ಇನ್ನೊಂದಿಲ್ಲ, ನನ್ನ ವಿದ್ಯಾರ್ಥಿಗಳು ಇಲ್ಲಿ ಯಾರಾದರೂ ಇದ್ದರೆ ಕ್ಷಮಿಸಿ. ಮೊದಲು ಕಟ್ಟನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಇಡುತ್ತಿದ್ದೆ. ಅದು ಅಲ್ಲಿಂದ ಸೋಫಾಕ್ಕೆ, ಸೋಫಾದಿಂದ ಮಂಚಕ್ಕೆ, ಯಾರಾದರೂ ನೆಂಟರು ಬಂದರೆ ಮಂಚದಡಿಗೆ. ಈಗ ಮನೆಗೆ ತರುವುದೇ ಇಲ್ಲ. ಶಾಲೆ ಬಿಟ್ಟ ಮೇಲೆ ನಾಲ್ಕೂಕಾಲಿಗೆ, ಸ್ಟಾಫ್ ರೂಮಿನ ಕಿಟಕಿ ಹತ್ತಿರದ ಬೆಂಚಿನಲ್ಲಿ, ಐದೂಕಾಲು ಬಸ್ಸಿನವರೆಗೆ. ಎಲ್ಲ ಪೇಪರಿನ ಮೊದಲ ಪ್ರಶ್ನೆ ಮೊದಲು, ಆಮೇಲೆ ಎರಡನೆಯದು. ಹದಿನೈದು ಪೇಪರ್ ಆದ ಮೇಲೆ ಕೈ ತನ್ನಷ್ಟಕ್ಕೆ ಓಡುತ್ತದೆ. ಮನಸ್ಸು ಬಂದ ಮೇಲೆ ಕೆಲಸ ಅಂತ ನಾವು ತಿಳಿದಿದ್ದೇವೆ, ನನಗಂತೂ ಯಾವಾಗಲೂ ಹದಿನೈದನೇ ಪೇಪರಿನ ಹೊತ್ತಿಗೇ ಮನಸ್ಸು ಬರುವುದು. ಕೆಲವು ದಿನ ಬರುವುದೂ ಇಲ್ಲ. ಬಸ್ಸು ಬರುತ್ತದೆ, ಹೋಗುತ್ತೇನೆ.

ತಿಂಡಿಯ ವಿಷಯಕ್ಕೂ ಒಂದು ಪ್ರಯೋಗ ಉಂಟು. ಅಮೆರಿಕದಲ್ಲಿ ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೊತೆಯವರು 2014ರಲ್ಲಿ ಪ್ರಕಟಿಸಿದ್ದು. ಜಿಮ್ಮಿಗೆ ಹೋಗಲು ಉದಾಸೀನ ಇರುವವರಿಗೆ ಕೇಳಲು ಭಾರೀ ಕುತೂಹಲದ ಕಾದಂಬರಿಗಳ ಆಡಿಯೋ ಕೊಟ್ಟರು, ಆದರೆ ಅದು ಜಿಮ್ಮಿನಲ್ಲಿ ಮಾತ್ರ ಕೇಳಲು ಸಿಗುವುದು. ಶುರುವಿಗೆ ಇವರು ಉಳಿದವರಿಗಿಂತ ಶೇಕಡಾ 51ರಷ್ಟು ಜಾಸ್ತಿ ಸಲ ಹೋದರು. ನಡುವೆ ಹಬ್ಬದ ರಜೆ ಬಂತು. ರಜೆ ಕಳೆದ ಮೇಲೆ ಗುಣ ಇಳಿಯಿತು. ಈ ಇಳಿದದ್ದನ್ನೂ ಅವರು ಬರೆದಿದ್ದಾರೆ, ಅದಕ್ಕೇ ನನಗೆ ಆ ಪ್ರಯೋಗದ ಮೇಲೆ ನಂಬಿಕೆ.

ನಾನೂ ಮಾಡಿ ನೋಡಿದೆ. ನನಗೆ ತಾಳಮದ್ದಳೆಯ ಹುಚ್ಚು, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಮೊಬೈಲಿನಲ್ಲಿ ಹಳೆಯ ಅರ್ಥಧಾರಿಗಳ ಧ್ವನಿ ಎಷ್ಟು ಬೇಕಾದರೂ ಸಿಗುತ್ತದೆ. ಇಸ್ತ್ರಿ ಹಾಕುವಾಗ, ಅಂಗಳದಲ್ಲಿ ಒಣಗಿದ ಅಡಿಕೆ ಹೆಕ್ಕುವಾಗ, ಫ್ರಿಜ್ಜು ತೊಳೆಯುವಾಗ ಮಾತ್ರ ಕೇಳುವುದು ಅಂತ ನಿಯಮ ಮಾಡಿದೆ. ನಮ್ಮ ಮನೆಯ ಫ್ರಿಜ್ಜು ಈಗ ಬಹಳ ಶುಚಿ. ಆದರೆ ತಲೆ ಬೇಕಾದ ಕೆಲಸಕ್ಕೆ ಇದು ಆಗದು. ಒಮ್ಮೆ ಪೇಪರ್ ತಿದ್ದುವಾಗ ಹಾಕಿಕೊಂಡೆ. ಕರ್ಣನ ವಾದ ಎಷ್ಟು ಜೋರಾಗಿತ್ತು ಅಂದರೆ, ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ಒಂದೂ ಬರೆಯದ ಹುಡುಗನಿಗೆ ನಾಲ್ಕು ಅಂಕ ಬಿದ್ದಿತ್ತು.

ನನಗೆ ಆಗದ್ದನ್ನೂ ಹೇಳಿಬಿಡುತ್ತೇನೆ. ಬೆಳಗ್ಗೆ ವಾಟ್ಸಪ್ಪಿನಲ್ಲಿ ಬರುವ ಸಿಂಹದ ಚಿತ್ರದ ಹಿತವಚನಗಳು ಆಗಲಿಲ್ಲ. ಕೆಲಸಗಳ ಪಟ್ಟಿ ಮಾಡುವುದು ಆಗಲಿಲ್ಲ, ಪಟ್ಟಿ ಮಾಡಿದ ಕೂಡಲೇ ನನಗೆ ಕೆಲಸವೇ ಮುಗಿದ ಸಮಾಧಾನ ಸಿಗುತ್ತದೆ. 'ಕೆಲಸವನ್ನು ಪ್ರೀತಿಸಿ' ಅನ್ನುವುದಂತೂ ಆಗಲೇ ಇಲ್ಲ. ಪಾಯಿಖಾನೆ ತೊಳೆಯುವುದನ್ನು ಪ್ರೀತಿಸಿ ನಾನು ಎಲ್ಲಿಗೆ ಹೋಗಬೇಕು? ಬೈಯುತ್ತಾ ತೊಳೆದರೂ ಅದು ಅಷ್ಟೇ ಬೆಳ್ಳಗಾಗುತ್ತದೆ.

ಇನ್ನೊಂದು ಮಾತು ಗಂಭೀರವಾಗಿ. ಉದಾಸೀನ ಬಂದು ಹೋಗುವುದು ಅಂದೆ. ಹೋಗದೆ ಉಳಿದರೆ? ಬೇಡದ ಕೆಲಸ ಮಾತ್ರ ಅಲ್ಲ, ಮೊದಲು ಇಷ್ಟವಿದ್ದ ಆಟ, ಊಟ, ಮಾತು ಯಾವುದೂ ಬೇಡ ಅನಿಸಿ ಎರಡು ವಾರಕ್ಕಿಂತ ಜಾಸ್ತಿ ಆದರೆ, ನಿದ್ದೆ ಕೆಟ್ಟರೆ, ಅದಕ್ಕೆ ಗೋಳಿಬಜೆಯೂ ಇಲ್ಲ, ಶನಿವಾರದ ಬಸ್ಸೂ ಇಲ್ಲ. ಅದು ಖಿನ್ನತೆ ಇರಬಹುದು, ಡಾಕ್ಟರಿಗೆ ತೋರಿಸಬೇಕು. ನಮ್ಮ ಮನೆಗಳಲ್ಲಿ ಅಂಥವರನ್ನು ಸೋಮಾರಿ ಅಂತ ಬೈದು ಬೈದು ಇನ್ನೂ ಕೆಳಗೆ ತಳ್ಳಿದ್ದನ್ನು ನಾನು ನೋಡಿದ್ದೇನೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಪ್ರಶ್ನೆ ಕೇಳಿ ಅಂದರು. ಪ್ಲಸ್ ಟೂ ಹುಡುಗನೊಬ್ಬ ಎದ್ದು, 'ಟೀಚರ್, ನೀವು ಈ ಭಾಷಣ ಯಾವಾಗ ತಯಾರು ಮಾಡಿದ್ದು?' ಅಂದ. ನಿನ್ನೆ ರಾತ್ರಿ ಹತ್ತೂವರೆಗೆ ಅಂತ ನಿಜ ಹೇಳಿದೆ. ಆಮಂತ್ರಣದಲ್ಲಿ ತಾರೀಕು ಅಚ್ಚಾಗದಿದ್ದರೆ ಇವತ್ತೂ ಆಗುತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು, ಎಂಬತ್ತರ ಹತ್ತಿರದವರು. ಎದ್ದು ನಿಲ್ಲಲಿಲ್ಲ, ಮೈಕೂ ತೆಗೆದುಕೊಳ್ಳಲಿಲ್ಲ. 'ಎಲ್ಲ ಸರಿ ಟೀಚರೇ. ಮದ್ದು ಬಿಟ್ಟವರಿಗೆ ನಿಮ್ಮ ಅಮ್ಮ ಗಟ್ಟಿ ಮಾಡಿ ಕೊಟ್ಟರು. ಗಟ್ಟಿ ಮಾಡಿದವರಿಗೆ ಯಾರು ಎಂತ ಮಾಡಿ ಕೊಟ್ಟರು?'

ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಇಷ್ಟೂ ಹೊತ್ತು ನಾನು ಆ ಜಗಲಿಯನ್ನೇ ನೆನೆಯುತ್ತಿದ್ದೆ, ಒಳಗಿನ ಒಲೆಯನ್ನಲ್ಲ. ಹಲಸು ಬಿಡಿಸಿ, ಮೇಣ ಹತ್ತಿದ ಕೈಗೆ ಎಣ್ಣೆ ಸವರಿ, ಸೊಳೆ ಕೊಚ್ಚಿ, ಅಕ್ಕಿ ಕಡೆದು, ಬಾಳೆಲೆ ಬಾಡಿಸಿ ಬೆಳಗ್ಗೆ ನಾಲ್ಕಕ್ಕೆ ಎದ್ದ ಅಮ್ಮನಿಗೆ ಅದು ಇಷ್ಟದ ಕೆಲಸವಾಗಿತ್ತಾ? ಒಮ್ಮೆಯೂ ಕೇಳಿಲ್ಲ. ಅಮ್ಮನಿಗೆ ಪತ್ತನಾಜೆ ಇರಲಿಲ್ಲ, ಒಂದು ದಿನ ಅಂತ ಇರಲಿಲ್ಲ, ಎಲ್ಲ ದಿನವೂ ಇತ್ತು. ಪಂಪು ಒತ್ತಲು, ಪೈಪು ಹಿಡಿಯಲು ಜನ ಇದ್ದ ಹಾಗೆ ಒಳಗೆ ಯಾರೂ ಇರಲಿಲ್ಲ. ನಾನೂ ಹೊರಗೆ ಕತ್ತಿ ಹಿಡಿದು ನಿಂತಿದ್ದೆನಲ್ಲ. 'ಗೊತ್ತಿಲ್ಲಮ್ಮ' ಅಂತ ಹೇಳಿ ಕೂತೆ.

ಚಾ ಬಂತು, ಅವಲಕ್ಕಿ ಬಂತು. ಕುರ್ಚಿ ಮಡಚಿ ಒಳಗಿಟ್ಟವರಿಗೆ ಮೊದಲು ಚಾ ಅಂತ ಕಾರ್ಯದರ್ಶಿಗಳು ಮೈಕಿನಲ್ಲಿ ಹೇಳಿದರು, ನನ್ನ ಭಾಷಣದಿಂದ ಅವರು ಕಲಿತದ್ದು ಅದು. ಐದು ನಿಮಿಷದಲ್ಲಿ ಅಷ್ಟೂ ಕುರ್ಚಿ ಒಳಗೆ. ಲೋಟಗಳ ವಿಷಯ ಯಾರೂ ಹೇಳಿರಲಿಲ್ಲ. ಹಿಂದಿನ ನಲ್ಲಿಯ ಹತ್ತಿರ ಹೋಗಿ ನೋಡಿದರೆ ಅಜ್ಜಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ಕೈಗೆ ಒಂದು ಚಾ ಕೊಟ್ಟು, ಪ್ಲಸ್ ಟೂ ಹುಡುಗನನ್ನೂ ಕಾರ್ಯದರ್ಶಿಗಳನ್ನೂ ಕರೆದೆ. ಹುಡುಗ ಬಂದ. ಕಾರ್ಯದರ್ಶಿಗಳು ಮೊಬೈಲು ನೋಡುತ್ತಾ, 'ಈಗ ಬಂದೆ ಟೀಚರ್' ಅಂದರು. ಲೋಟ ಐವತ್ತೆರಡಿತ್ತು. ಅವರು ಬಂದದ್ದು ನಲವತ್ತನೆಯದಕ್ಕೆ.